ವಿಮಾನದಲ್ಲಿ ಕೂರುವ ಗಂಟೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಓದಲು, ಕೆಲಸಕ್ಕೆ ಅಂತ ಲಂಡನ್ ಸೇರಿದ ಮಕ್ಕಳನ್ನು ನೋಡಲು ನಮ್ಮ ಕಲಬುರಗಿಯಿಂದ ಹೊರಡುವ ಹಿರಿಯರಿಗೆ ಟಿಕೆಟ್‌ನ ಸಮಯ ಗೊಂದಲ ಮಾಡುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ 7ಕ್ಕೆ ಹೈದರಾಬಾದ್ ಬಿಟ್ಟು ಮಧ್ಯಾಹ್ನ 12ಕ್ಕೆ ಲಂಡನ್ ಅಂತಿದ್ದರೆ, ಐದೇ ಗಂಟೆ ಅಂದುಕೊಳ್ಳುತ್ತಾರೆ. ಆಗ ಅಲ್ಲಿಯ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಂದರೆ ಕೂರಬೇಕಾದದ್ದು ಹತ್ತೂವರೆ ಗಂಟೆ! ಸಕ್ಕರೆ ಕಾಯಿಲೆಯವರು ಮಾತ್ರೆ, ಊಟದ ಹೊತ್ತು ಲೆಕ್ಕ ಹಾಕೋದು ಹೇಗೆ? ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದ್ ಮುಟ್ಟುವಷ್ಟರಲ್ಲೇ ಅವರು ಸುಸ್ತಾಗಿರುತ್ತಾರೆ.

ದೂರ ನೇರ ಲೆಕ್ಕದಲ್ಲಿ ಸುಮಾರು 7,750 ಕಿ.ಮೀ. ಅದನ್ನು ಸುಮ್ನೆ ವೇಗದಿಂದ ಭಾಗಿಸಿದರೆ ಸಮಯ ಸಿಗಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಅದಕ್ಕೇ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ. ದಾರಿಯೂ ಯಾವಾಗಲೂ ನೇರ ಇರಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿದಾಗ ಭಾರತದ ಎಷ್ಟೋ ವಿಮಾನಗಳು ಸುತ್ತಿ ಹೋಗಬೇಕಾಯಿತು.

ಟಿಕೆಟ್ ಮಾಡಿಕೊಡುವವರು ಪ್ರಯಾಣದ ಒಟ್ಟು ಗಂಟೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲಿ. ನೀವೂ ಹೊಸ ವಿಮಾನದ ಸುದ್ದಿ ಹಾಕುವಾಗ ಎರಡೂ ಊರಿನ ಸಮಯದ ಜೊತೆ ಹಾರಾಟದ ಗಂಟೆ ಕೊಡಿ.

– ಒಬ್ಬ ಓದುಗ, ಕಲಬುರಗಿ