ಪಿಲಾತನಿಗೊಂದು ಪತ್ರ, ಅಕ್ಕಿ ಆರಿಸುತ್ತಾ

ಪ್ರೀತಿಯ ಪಿಲಾತ,

ಹೇಗಿದ್ದೀ ಮಾರಾಯ? ಆ ತಾಮ್ರದ ಚೊಂಬು ಇನ್ನೂ ಇದೆಯಾ? ನಮ್ಮ ಹುಂಜ ಊರಲ್ಲೇ ಇದ್ದಾನಾ, ದುಬೈಗೆ ಹಾರಿದನಾ? ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಸಣ್ಣವರಿದ್ದಾಗ ನೀನು ಪಿಲಾತನಾಗಿದ್ದ ಆ ಯೇಸುವಿನ ನಾಟಕದಲ್ಲಿ ನಮ್ಮ ಜೊತೆ ಇದ್ದ ಉಳಿದವರೂ ಓದಲಿ ಅಂತ.

ಇಲ್ಲಿ ಇಸ್ರೇಲಿನ ರಾಮತ್ ಗಾನ್‌ನಲ್ಲಿ ಯೆಹೂದ್ಯರ ಪಸ್ಕ ಹಬ್ಬ. ಮನೆಯಲ್ಲಿ ಗೋಧಿಯಂಥ ಧಾನ್ಯದ ಹುಳಿ ಹಿಟ್ಟಿನ ಒಂದು ಚೂರೂ ಇರಬಾರದು. ನಾನು ನೋಡಿಕೊಳ್ಳುವ ಅಜ್ಜ ಬಗ್ದಾದಿನವರು. 1951ರಲ್ಲಿ ಇರಾಕಿನ ಯೆಹೂದ್ಯರು ವಿಮಾನಗಳಲ್ಲಿ ಇಲ್ಲಿಗೆ ಬಂದರಲ್ಲ, ಆಗ ಇವರೂ ಹುಡುಗನಾಗಿ ಬಂದವರು. ನಾನು ಅವರನ್ನು ಸಾಬಾ ಅನ್ನುತ್ತೇನೆ. ಇಲ್ಲಿನ ಮಾತಿನಲ್ಲಿ ಅಜ್ಜ ಅಂತ ಅರ್ಥ. ಯೂರೋಪಿನ ಕಡೆಯ ಯೆಹೂದ್ಯರು ಪಸ್ಕದಲ್ಲಿ ಅನ್ನ ತಿನ್ನುವುದು ಕಮ್ಮಿ. ಇರಾಕಿನವರು ತಿನ್ನುತ್ತಾರೆ. ಆದರೆ ಗೋಧಿ ಕಾಳು ಸೇರಿದೆಯಾ ಅಂತ ಅಕ್ಕಿಯನ್ನು ಮೂರು ಸಲ ಆರಿಸಬೇಕು. ಕಳೆದ ಶುಕ್ರವಾರ ನಾವಿಬ್ಬರೂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನೇ ಮಾಡುತ್ತಾ ಕೂತಿದ್ದೆವು.

ಅವತ್ತು ನಮಗೆ ಶುಭ ಶುಕ್ರವಾರ, ಯೇಸು ಶಿಲುಬೆಗೇರಿದ ದಿನ. ‘ಊರಲ್ಲಿ ಈ ದಿನ ಏನು ಮಾಡುತ್ತಿದ್ದೆ?’ ಅಂತ ಸಾಬಾ ಕೇಳಿದರು. ನಾನು ನಮ್ಮ ಸಂಡೇ ಸ್ಕೂಲ್ ನಾಟಕದ ಕಥೆ ಶುರು ಮಾಡಿದೆ. ಯೇಸುವನ್ನು ಸಾವಿಗೆ ಒಪ್ಪಿಸಿದ ರೋಮಿನ ಅಧಿಪತಿ ಪಿಲಾತನಾಗಿ ನೀನು ಚೊಂಬಿನ ನೀರಲ್ಲಿ ಕೈ ತೊಳೆದದ್ದು, ಅಪ್ಪ ನನಗೆ ತೆಂಗಿನ ನಾರಿನ ಗಡ್ಡ ಕಟ್ಟಿದ್ದು, ಎಲ್ಲ ಹೇಳಿದೆ. ‘ನಿನ್ನದು ಯಾವ ಪಾತ್ರ?’ ಅಂದರು. ಜನರ ಗುಂಪು, ಯೆಹೂದ್ಯರು ಅಂದೆ. ‘ಏನು ಮಾತಿತ್ತು?’ ಅಂದರು.

ನೆನಪಿದೆಯಲ್ಲ ನಿನಗೆ? ಯೇಸುವನ್ನು ಕೊಲ್ಲಿಸಿದ ಪಾಪವನ್ನು ಯೆಹೂದ್ಯರು ತಾವೇ ತಲೆಮೇಲೆ ಎಳೆದುಕೊಳ್ಳುವ ಮಾತು. ‘ಅವನ ರಕ್ತವು ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ.’ ನನಗೆ ಬರುವ ಹರಕು ಹೀಬ್ರೂನಲ್ಲಿ ಅದನ್ನು ಹೇಳುತ್ತಾ ಹೋದೆ. ಅರ್ಧಕ್ಕೆ ಬಂದಾಗ ನಾನು ಯಾರ ಎದುರು ಏನು ಹೇಳುತ್ತಿದ್ದೇನೆ ಅಂತ ಹೊಳೆಯಿತು. ಬಾಯಿ ಒಣಗಿತು. ಸಾಬಾ ಕಾಳು ಆರಿಸುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, ‘ನನ್ನ ಹೆಂಡತಿ ರುಮೇನಿಯಾದವಳು. ಅವಳು ಸಣ್ಣವಳಿದ್ದಾಗ ಆ ದಿನ ಅವಳ ಮನೆಯವರು ಹೆದರಿ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು’ ಅಂದರು. ಅಷ್ಟೇ. ಬೈಯಲಿಲ್ಲ.

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ.

ಸಾಬಾ ಶಾಲೆಯಲ್ಲಿ ಚರಿತ್ರೆ ಕಲಿಸಿದವರು. ಯೇಸುವಿನ ಬಗ್ಗೆ ಅವರಿಗೆ ಕೋಪ ಇಲ್ಲ. ‘ನಮ್ಮ ಹುಡುಗ’ ಅನ್ನುತ್ತಾರೆ. ಎಂಟನೇ ದಿನ ಸುನ್ನತಿ ಆದ ಹುಡುಗ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಕೇಳಿದರೆ, ಇವತ್ತಿಗೂ ಸಾಬಾ ಮಲಗುವಾಗ ಹೇಳುವ ‘ಇಸ್ರಾಯೇಲೇ ಕೇಳು’ ಎಂಬ ಮಾತನ್ನೇ ಹೇಳಿದ ಹುಡುಗ.

ಫರಿಸಾಯರು ಯೇಸುವಿನ ಕಾಲದ ಯೆಹೂದ್ಯರ ಒಂದು ಪಂಗಡ. ನಾವು ಫರಿಸಾಯ ಅಂದರೆ ಕಪಟಿ ಅಂತ ಕಲಿತವರು ಅಲ್ವಾ? ಸಾಬಾ ಒಂದು ಕಥೆ ಹೇಳಿದರು. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು. ಆಮೇಲೊಮ್ಮೆ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರು ಶಿಷ್ಯನ ಜೊತೆ ಆ ಹಾಳು ಗೋಡೆಗಳ ಪಕ್ಕ ನಡೆದು ಹೋಗುತ್ತಿದ್ದರಂತೆ. ಫರಿಸಾಯರ ಸಾಲಿನಲ್ಲಿ ಬಂದವರು ಅವರು. ಯಜ್ಞ ಮಾಡಿ ಪಾಪ ಕಳೆಯುವ ಜಾಗವೇ ಹೋಯಿತಲ್ಲ ಅಂತ ಶಿಷ್ಯ ಅತ್ತ. ‘ಮಗನೇ, ಅಳಬೇಡ. ಅದಕ್ಕೆ ಸಮನಾದ ಇನ್ನೊಂದು ಪ್ರಾಯಶ್ಚಿತ್ತ ನಮಗೆ ಇದೆ, ಕರುಣೆಯ ಕೆಲಸ’ ಅಂದರು ಗುರು. ಅದಕ್ಕೆ ಅವರು ತೋರಿಸಿದ್ದು ಪ್ರವಾದಿ ಹೋಶೇಯನ ವಚನ. ‘ನನಗೆ ಯಜ್ಞ ಬೇಡ, ಕರುಣೆಯೇ ಬೇಕು.’

ಪಿಲಾತ, ಇದು ನಮ್ಮ ಬೈಬಲಿನ ಮತ್ತಾಯ ಒಂಬತ್ತನೇ ಅಧ್ಯಾಯದಲ್ಲಿ ಇದೆ! ಸುಂಕದವರ ಜೊತೆ ಯಾಕೆ ಊಟ ಮಾಡುತ್ತೀ ಅಂತ ಫರಿಸಾಯರು ಕೇಳಿದಾಗ ಯೇಸು ಹೇಳಿದ್ದು ಇದೇ ವಚನ. ನಾವು ಬಾಯಿಪಾಠ ಮಾಡಿ ಬಹುಮಾನ ತಗೊಂಡ ಮಾತು ಇದು. ಯೇಸುವಿನ ಮಾತು ಅಂತ ಮಾತ್ರ ಗೊತ್ತಿತ್ತು. ಅದೇ ವಚನ ಹಿಡಿದುಕೊಂಡು ಇವರೂ ದೇವಾಲಯವಿಲ್ಲದೆ ಬದುಕಿಕೊಂಡರು ಅಂತ ಗೊತ್ತಿರಲಿಲ್ಲ.

ಹಾಗಾದರೆ ಅಷ್ಟೊಂದು ಜನ ಯೇಸುವಿನ ಕಡೆಗೆ ಯಾಕೆ ಹೋದರು ಅಂತ ಕೇಳಿದೆ. ನಮ್ಮಿಬ್ಬರಿಗೂ ಸಣ್ಣ ಜಗಳವಾದದ್ದು ಇಲ್ಲೇ. ನಾನು ಒಂದು ರಜೆಯ ದಿನ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಹಳೆಯ ದೇವಾಲಯದ ಒಂದು ಮುರಿದ ಕಲ್ಲು ಇದೆ. ಅದೇ ಬರಹದ ಇಡೀ ಕಲ್ಲು 1871ರಲ್ಲಿ ಸಿಕ್ಕಿ, ಈಗ ಇಸ್ತಾಂಬುಲ್‌ನಲ್ಲಿದೆ. ಬೇರೆ ಜನಾಂಗದವರು ಈ ಬೇಲಿ ದಾಟಬಾರದು, ದಾಟಿದರೆ ಆಗುವ ಸಾವಿಗೆ ಅವರೇ ಹೊಣೆ ಅಂತ ಗ್ರೀಕ್‌ನಲ್ಲಿ ಬರೆದಿದೆ. ಆ ಕಲ್ಲಿನ ಎದುರು ತುಂಬಾ ಹೊತ್ತು ನಿಂತಿದ್ದೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ, ಯೇಸು ಕೆಡವಿದ ‘ಅಡ್ಡಗೋಡೆ’ ಎಂಬ ಪದ ತಲೆಯಲ್ಲಿ ತಿರುಗುತ್ತಿತ್ತು. ಜೊತೆಗೆ ನನ್ನ ಅಜ್ಜಿಯ ಮಾತು. ಕ್ರೈಸ್ತರ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಅಲ್ಲಿಗೆ ಸೇರಿದವರಲ್ಲಿ ನಮ್ಮ ಬಿಲ್ಲವರೇ ಜಾಸ್ತಿ. ಅವರಿಗೆ ದೇವಸ್ಥಾನದ ಒಳಗೆ ಕಾಲಿಡುವ ಹಾಗಿರಲಿಲ್ಲ. ಹೊರಗೆ ನಿಂತು ಕೈಮುಗಿದು ಬರಬೇಕಿತ್ತು. ಸೇರದೆ ಉಳಿದ ನೆಂಟರಿಗೆ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ದೇವರನ್ನು ಸ್ಥಾಪಿಸಿಕೊಟ್ಟರು. ಹೇಗೂ ಬಾಗಿಲು ಬೇಕಿತ್ತು, ಎರಡು ಕಡೆಯವರಿಗೂ.

ಇದನ್ನೆಲ್ಲ ಹೇಳಿ, ‘ಯೇಸುವಿನ ಸುದ್ದಿಯನ್ನು ಬೇರೆ ಜನಾಂಗದವರಿಗೆ ಒಯ್ದ ಪೌಲ ಆ ಬೇಲಿ ತೆಗೆದ, ಅದಕ್ಕೇ ಜನ ಬಂದರು’ ಅಂದೆ.

ಸಾಬಾ ಒಪ್ಪಲಿಲ್ಲ. ‘ದೇವಾಲಯದಲ್ಲಿ ಬೇಲಿ ಇತ್ತು, ನಿಜ. ಆದರೆ ನಾವು ಪ್ರಾರ್ಥನೆಗೆ ಸೇರುವ ಊರೂರಿನ ಸಭಾಮಂದಿರಗಳಲ್ಲಿ ಇರಲಿಲ್ಲ’ ಅಂದರು. ಟರ್ಕಿಯ ಅಫ್ರೋದಿಸಿಯಾಸ್‌ನಲ್ಲಿ 1976ರಲ್ಲಿ ಒಂದು ಕಲ್ಲು ಸಿಕ್ಕಿತಂತೆ. ಅದರಲ್ಲಿ ಯೆಹೂದ್ಯರ ಹೆಸರುಗಳ ಜೊತೆಗೆ ‘ದೇವರಿಗೆ ಭಯಪಡುವವರು’ ಅಂತ ಬೇರೆಯವರ ಐವತ್ತಕ್ಕೂ ಜಾಸ್ತಿ ಹೆಸರುಗಳಿವೆ. ನಮ್ಮ ಬೈಬಲಿನ ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಹಾಗೆ. ‘ಒಳ್ಳೆಯವನಾಗಿದ್ದರೆ ಸಾಕು, ಯೆಹೂದ್ಯ ಆಗಬೇಕಿಲ್ಲ ಅಂತ ನಾವು ಹೇಳಿದೆವು. ಪೌಲ, ನೀವಿರುವ ಹಾಗೇ ಬನ್ನಿ, ಅಬ್ರಹಾಮನ ಮಕ್ಕಳೇ ಆಗಿ ಅಂದ. ಅತಿಥಿಯಾಗಿ ಇರುವುದಕ್ಕೂ ಮನೆ ಮಗನಾಗುವುದಕ್ಕೂ ವ್ಯತ್ಯಾಸ ಇದೆಯಲ್ಲ. ಜನ ಹೋದದ್ದು ನನಗೆ ಅರ್ಥವಾಗುತ್ತದೆ’ ಅಂದರು.

‘ಹಾಗಾದರೆ ನೀವು ಯಾಕೆ ಹೋಗಲಿಲ್ಲ?’ ಅಂತ ಕೇಳಿಬಿಟ್ಟೆ. ಹಿಂದೊಮ್ಮೆ ರಾತ್ರಿ ಸೈರನ್ ಕೂಗಿ ನಾವಿಬ್ಬರೂ ಶೆಲ್ಟರ್‌ನಲ್ಲಿ ಕೂತದ್ದನ್ನು ಅವರು ನೆನಪು ಮಾಡಿದರು. ‘ದೇವರು ಕಳಿಸುವ ರಕ್ಷಕ ಮೆಸ್ಸೀಯ ಬಂದ ಮೇಲೆ ತೋಳ ಕುರಿಮರಿಯ ಜೊತೆ ಇರುತ್ತದೆ ಅಂತ ಪ್ರವಾದಿ ಯೆಶಾಯ ಹೇಳಿದ್ದಾನೆ. ಅದು ಆಗಿದ್ದರೆ ನಿನ್ನ ಕೈಲಿ ನನ್ನನ್ನು ಎತ್ತಿಸಿಕೊಂಡು ನಾನು ಮೆಟ್ಟಿಲು ಇಳಿಯಬೇಕಿತ್ತಾ?’ ಅಂದರು. ನನಗೆ ಉತ್ತರ ಬರಲಿಲ್ಲ. ಸಂಡೇ ಸ್ಕೂಲ್‌ನಲ್ಲಿ ಕಲಿತ ಉತ್ತರ ಇತ್ತು. ಬಾಯಿಗೆ ಬರಲಿಲ್ಲ.

ನನ್ನ ಹಾಗೆ ಆರೈಕೆಯ ಕೆಲಸ ಮಾಡುವವರಿಗೆ ಖುಷಿ ಕೊಡುವ ವಿಷಯ ಒಂದಿದೆ, ಕೇಳು. ಸುಮಾರು 260ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ದೊಡ್ಡ ರೋಗ ಬಂದಾಗ ಜನ ತಮ್ಮವರನ್ನೇ ಬೀದಿಗೆ ತಳ್ಳಿದರಂತೆ. ಕ್ರೈಸ್ತರು ರೋಗಿಗಳ ಹತ್ತಿರ ಕೂತು, ತೊಳೆದು, ಉಣಿಸಿ, ಕೆಲವರು ಅವರ ಜೊತೆಗೇ ಸತ್ತರು ಅಂತ ಅಲ್ಲಿನ ಬಿಷಪ್ ದಿಯೊನೀಸಿಯಸ್ ಬರೆದಿದ್ದಾರೆ. ಆಮೇಲೆ 362ರಲ್ಲಿ, ನಮ್ಮನ್ನು ಕಂಡರಾಗದ ರೋಮಿನ ಚಕ್ರವರ್ತಿ ಜೂಲಿಯನ್ ಒಂದು ಪತ್ರದಲ್ಲಿ ಸಂಕಟಪಟ್ಟಿದ್ದಾನೆ. ಯೆಹೂದ್ಯರಲ್ಲಿ ಒಬ್ಬನೂ ಭಿಕ್ಷೆ ಬೇಡುವುದಿಲ್ಲ, ಈ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಾರೆ, ಇದು ನಮಗೆ ನಾಚಿಕೆ ಅಂತ. ಎರಡೂ ಹೆಸರು ಒಂದೇ ವಾಕ್ಯದಲ್ಲಿ! ರೋಗಿಯನ್ನು ನೋಡಲು ಹೋಗುವುದು, ಹೆಣ ಹೂಳುವುದು, ವಿಧವೆಗೆ ಅನ್ನ ಹಾಕುವುದು, ಇದನ್ನೆಲ್ಲ ನಾವು ಕಲಿತದ್ದು ಸಭಾಮಂದಿರದಲ್ಲಿ. ಕಲಿಸಿದವರ ಸಭಾಮಂದಿರಗಳನ್ನೇ ಸುಡಬೇಕು ಅಂತ 1543ರಲ್ಲಿ ನಮ್ಮ ಪ್ರೊಟೆಸ್ಟಂಟರ ಮೂಲಪುರುಷ ಲೂಥರ್ ಬರೆದ. ಲೂಥರ್, ಪಿಲಾತ. ನಮ್ಮ ತರಗತಿಯ ಗೋಡೆಯಲ್ಲಿ ಯಾರ ಪಟ ಇತ್ತು ಅಂತ ನಿನಗೆ ಗೊತ್ತು.

ಈಗ ಇನ್ನೊಂದು. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಅಪ್ಪ ತೀರಿಕೊಂಡಾಗ ನಾನು ಬರಲಿಲ್ಲ. ಮಣ್ಣು ಹಾಕಲು ನೀನಿದ್ದೆ, ನಾನಿರಲಿಲ್ಲ. ಅವತ್ತು ಸಾಬಾ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ‘ನಮ್ಮಲ್ಲಿ ತಂದೆ ಸತ್ತರೆ ಮಗ ಕದ್ದೀಶ್ ಎಂಬ ಪ್ರಾರ್ಥನೆ ಹೇಳುತ್ತಾನೆ. ಅದಕ್ಕೆ ಹತ್ತು ಜನ ಬೇಕು, ನಾವಿಬ್ಬರೇ. ಸುಮ್ನೆ ಅರ್ಥ ಹೇಳುತ್ತೇನೆ’ ಅಂದರು. ಅರಾಮಿಕ್‌ನಲ್ಲಿ ಇದೆ ಅದು, ಯೇಸು ಆಡುತ್ತಿದ್ದ ಭಾಷೆ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ. ‘ಆತನ ಮಹಾ ನಾಮವು ಪರಿಶುದ್ಧವಾಗಲಿ, ಆತನು ತನ್ನ ರಾಜ್ಯವನ್ನು ತರಲಿ’ ಅಂತ ಶುರುವಾಗುತ್ತದೆ. ನಾನು ಅಳಲು ಶುರು ಮಾಡಿದೆ. ಅಪ್ಪ ದಿನಾ ರಾತ್ರಿ ನಮ್ಮನ್ನು ಸಾಲಾಗಿ ಕೂರಿಸಿ ಹೇಳಿಸುತ್ತಿದ್ದದ್ದು ಇದನ್ನೇ. ಯೇಸು ಕಲಿಸಿದ ಪ್ರಾರ್ಥನೆ, ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ. ನಿನ್ನ ರಾಜ್ಯವು ಬರಲಿ.’

ಅದಕ್ಕೂ ಮುಂಚೆ, ಎರಡು ವರ್ಷ ಪ್ರತಿ ರಾತ್ರಿ ನಾನು ಗುಟ್ಟಾಗಿ ಒಂದು ಪ್ರಾರ್ಥನೆ ಮಾಡುತ್ತಿದ್ದೆ. ಸಾಯುವುದರೊಳಗೆ ಸಾಬಾ ಯೇಸುವನ್ನು ಒಪ್ಪಿಕೊಳ್ಳಲಿ ಅಂತ. ಅವರ ಕಾಲು ಒತ್ತುತ್ತಾ, ಪಾಪ ಇವರು ಕತ್ತಲಲ್ಲಿದ್ದಾರೆ ಅಂದುಕೊಳ್ಳುತ್ತಿದ್ದೆ. ಅವತ್ತಿನಿಂದ ಆ ಪ್ರಾರ್ಥನೆ ನಿಲ್ಲಿಸಿದ್ದೇನೆ. ಯೇಸುವನ್ನು ಬಿಟ್ಟಿಲ್ಲ. ಬಿಡುವುದೂ ಇಲ್ಲ. ಆದರೆ ಇವರನ್ನು ಕನಿಕರದಿಂದ ನೋಡಲು ಇನ್ನು ನನಗೆ ಆಗುವುದಿಲ್ಲ. ಅಮ್ಮನಿಗೆ ಹೇಳಿಲ್ಲ. ಈಗ ಹೇಗೂ ಗೊತ್ತಾಗುತ್ತದೆ.

ಸಾಕು ಮಾರಾಯ, ಬೆಳಗಾಯಿತು. ನೀರುದೋಸೆಗೆ ಅಕ್ಕಿ ನೆನೆಹಾಕಿದ್ದೇನೆ, ಮೂರು ಸಲ ಆರಿಸಿದ ಅಕ್ಕಿ. ಸಾಬಾ ಈಗಾಗಲೇ ಎರಡು ಸಲ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೋದರು. ತೆಂಗಿನಕಾಯಿ ಚಟ್ನಿಗೆ ಖಾರ ಕಮ್ಮಿ ಹಾಕು ಅಂತ ಆರ್ಡರ್ ಬೇರೆ. ಮಕ್ಕಳಿಗೆ ಈ ಸಲವೂ ನಾಟಕ ನೀನೇ ಕಲಿಸಿದ್ದು ಅಂತ ಕೇಳಿದೆ. ಬರುವ ವರ್ಷ ನನ್ನ ಆ ಒಂದು ಮಾತನ್ನು ಯಾವ ಮಗುವಿನ ಬಾಯಲ್ಲೂ ಹೇಳಿಸಬೇಡ. ಚೊಂಬಿನ ಫೋಟೋ ಕಳಿಸು.

ನಿನ್ನ,
ನಾರಿನ ಗಡ್ಡದವನು