ಏಟು ತಿನ್ನುವ ಕಸುಬು

ತೆಲುಗು ಹಾಸ್ಯನಟ ಬ್ರಹ್ಮಾನಂದಂ ಅವರ ಮುಖ ಈಗ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪುಗಳ ವರ್ಣಮಾಲೆಯಲ್ಲಿ ಒಂದು ಅಕ್ಷರವೇ ಆಗಿಬಿಟ್ಟಿದೆ. ಚಂದಾ ಬಾಕಿ ಇದೆ ಎಂದರೆ ಒಂದು ಸ್ಟಿಕ್ಕರ್, ರಾಜ್ಯೋತ್ಸವದ ಅಡುಗೆಗೆ ಕೈಜೋಡಿಸಿ ಎಂದರೆ ಇನ್ನೊಂದು. ತೆಲುಗಿನ ಗಂಧಗಾಳಿ ಇಲ್ಲದ ಮಕ್ಕಳೂ ಕಳಿಸುತ್ತಾರೆ. ಮಾತಿಲ್ಲ, ದೃಶ್ಯದ ಹಿಂದುಮುಂದು ಗೊತ್ತಿಲ್ಲ, ಆದರೂ ನಗು ಬರುತ್ತದೆ. ಇದು ಇಂಟರ್‌ನೆಟ್ಟಿನ ಕರಾಮತ್ತು ಅಂದುಕೊಳ್ಳುವುದು ತಪ್ಪು. ಬೇರೆಯವರ ಮಾತಿಗೆ, ಬೈಗುಳಕ್ಕೆ, ಕಪಾಳಮೋಕ್ಷಕ್ಕೆ ಮುಖದಲ್ಲೇ ಉತ್ತರ ಕೊಡುವುದು ಅವರು ಶುರುವಿನಿಂದಲೂ ಮಾಡಿಕೊಂಡು ಬಂದ ಕಸುಬು.

1956ರಲ್ಲಿ ಸತ್ತೆನಪಲ್ಲಿ ಸೀಮೆಯಲ್ಲಿ ಹುಟ್ಟಿ, ತೆಲುಗು ಎಂ.ಎ. ಮಾಡಿ, ಪಶ್ಚಿಮ ಗೋದಾವರಿ ಜಿಲ್ಲೆಯ ಅತ್ತಿಲಿಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು. ಹೆಸರು ತಂದುಕೊಟ್ಟದ್ದು 1987ರ 'ಅಹ ನಾ ಪೆಳ್ಳಂಟ'. ನಿರ್ದೇಶನ ಜಂಧ್ಯಾಲ, ನಿರ್ಮಾಣ ಡಿ. ರಾಮಾನಾಯ್ಡು. ಕೋಟ ಶ್ರೀನಿವಾಸರಾವು ಅದರಲ್ಲಿ ಕಡುಜಿಪುಣ ಲಕ್ಷ್ಮೀಪತಿ. ಸೂರಿಗೆ ಕೋಳಿ ತೂಗುಹಾಕಿ, ಅದನ್ನು ನೋಡುತ್ತಾ ಬರೀ ಅನ್ನ ಉಣ್ಣುವ ಆಸಾಮಿ. ಅವನ ಮನೆಯ ಆಳು ಅರಗುಂಡು, ಅಂದರೆ ಅರ್ಧ ತಲೆ ಬೋಳಿಸಿಕೊಂಡವನು, ನಮ್ಮ ಬ್ರಹ್ಮಾನಂದಂ. ಯಜಮಾನ ಎದುರಿಗಿದ್ದಾಗ ನುಂಗಿಕೊಳ್ಳುವುದು, ಬೆನ್ನು ತಿರುಗಿಸಿದಾಗ ಶಪಿಸುವುದು, ಪಾತ್ರವೆಂದರೆ ಇಷ್ಟೇ. ಮುಂದಿನ ಮೂರೂವರೆ ದಶಕದ ಬಂಡವಾಳ ಈ 'ಇಷ್ಟೇ'ಯಲ್ಲಿದೆ.

ಅವರಿಗಿಂತ ಮೊದಲಿನವರು ನಗಿಸುತ್ತಿದ್ದ ಬಗೆ ಬೇರೆ. ರೇಲಂಗಿ ವೆಂಕಟರಾಮಯ್ಯನವರ ಕಾಲದಲ್ಲಿ ಹಾಸ್ಯನಟನಿಗೆ ಜೋಡಿ ಇರುತ್ತಿತ್ತು, ಹಾಡಿರುತ್ತಿತ್ತು. ನಮ್ಮ ನರಸಿಂಹರಾಜು ಅವರಿಗೆ ಇದ್ದ ಹಾಗೆ. ಅಲ್ಲು ರಾಮಲಿಂಗಯ್ಯ ಹಾಸ್ಯಕ್ಕೆ ಕುತಂತ್ರ ಬೆರೆಸಿ, ಖಳನಾಯಕನ ಬಗಲಿನ ಬಂಟನಾಗಿ ಗೆದ್ದರು. ರೇಲಂಗಿಯವರಿಗೆ 1970ರಲ್ಲಿ, ಅಲ್ಲು ಅವರಿಗೆ 1990ರಲ್ಲಿ, ಬ್ರಹ್ಮಾನಂದಂ ಅವರಿಗೆ 2009ರಲ್ಲಿ ಪದ್ಮಶ್ರೀ ಬಂತು. ಮೊದಲಿಬ್ಬರು ನಗೆಯನ್ನು ತಾವೇ ಹುಟ್ಟಿಸುತ್ತಿದ್ದರು. ಬ್ರಹ್ಮಾನಂದಂ ಹೆಚ್ಚಾಗಿ ಇನ್ನೊಬ್ಬರು ಎಸೆದದ್ದನ್ನು ಹಿಡಿಯುವವರು.

ಹಿಡಿಯುವುದರಲ್ಲಿ ಮೂರು ಹಂತ. ಮಾತು ಕಿವಿಗೆ ಬೀಳುತ್ತದೆ, ಮುಖ ಕದಲುವುದಿಲ್ಲ. ಅರ್ಧ ಅರ್ಥವಾಗುತ್ತದೆ, ಕಣ್ಣು ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಪೂರ್ತಿ ಅರ್ಥವಾಗಿ ತುಟಿ, ಗಲ್ಲ, ಹಣೆ ಒಟ್ಟಿಗೆ ಕುಸಿಯುತ್ತವೆ. ಪ್ರೇಕ್ಷಕ ನಗುವುದು ಎರಡನೆಯ ಮತ್ತು ಮೂರನೆಯ ಹಂತದ ನಡುವಿನ ಸಂದಿನಲ್ಲಿ. ಆದ್ದರಿಂದ ಕ್ಯಾಮೆರಾ ಅವರ ಮೇಲೇ ನಿಂತಿರಬೇಕು. ಸಂಕಲನಕಾರ ಅವಸರಪಟ್ಟು ನಾಯಕನ ಮುಖಕ್ಕೆ ಹಾರಿದರೆ ನಗೆ ಸತ್ತಂತೆ. ಇನ್ನೊಂದು ಶತ್ರು ಹಿನ್ನೆಲೆ ಸಂಗೀತ. ಆ ಸಂದಿಗೆ 'ಟೊಂಯ್' ಎಂದು ಸದ್ದು ತುರುಕಿದರೆ ಯಾವಾಗ ನಗಬೇಕೆಂದು ಪ್ರೇಕ್ಷಕನಿಗೆ ಅಪ್ಪಣೆ ಕೊಟ್ಟ ಹಾಗೆ. ಅಪ್ಪಣೆ ಕೊಟ್ಟರೆ ಯಾರು ನಗುತ್ತಾರೆ? 2000ದ ನಂತರದ ಎಷ್ಟೋ ತೆಲುಗು ಚಿತ್ರಗಳಲ್ಲಿ (ನಮ್ಮವುಗಳಲ್ಲೂ) ಈ ರೋಗ ಇದೆ.

ಮೇಷ್ಟರಿಕೆ ದಂಡವಾಗಲಿಲ್ಲ. 'ಮನಿ' (1993) ಚಿತ್ರದ ಖಾನ್ ದಾದಾನ ಹೈದರಾಬಾದಿ ವರಸೆಯೇ ಬೇರೆ, 'ಅದುರ್ಸ್' (2010) ಚಿತ್ರದ ಪುರೋಹಿತ ಭಟ್ಟುವಿನ ಮಡಿ ತೆಲುಗೇ ಬೇರೆ. ಎರಡರಲ್ಲೂ ಒಂದಕ್ಷರ ಅಸ್ಪಷ್ಟವಿಲ್ಲ. ಭಟ್ಟು ಶಿಷ್ಯ ಚಾರಿಗೆ, ಅಂದರೆ ದ್ವಿಪಾತ್ರದಲ್ಲಿರುವ ಜೂನಿಯರ್ ಎನ್.ಟಿ.ಆರ್.ಗೆ, ಗುರು. ಗುರುವಿನ ಗಾಂಭೀರ್ಯ ಬಿಡುವಂತಿಲ್ಲ, ಶಿಷ್ಯನ ಪೆದ್ದುತನ ತಡೆಯುವಂತಿಲ್ಲ. ವ್ಯಾಕರಣಬದ್ಧ ಮಾತು ಬಾಯಲ್ಲಿ ಹೊರಡುತ್ತಿರುವಾಗಲೇ ಮುಖ ಸೋಲೊಪ್ಪಿಕೊಂಡಿರುತ್ತದೆ. ಅವರ ಜೊತೆಗೆ ಹಲವು ಚಿತ್ರಗಳಲ್ಲಿ ಮಿಂಚಿದ ಎಂ.ಎಸ್. ನಾರಾಯಣ ಕೂಡ ಭೀಮವರಂನಲ್ಲಿ ತೆಲುಗು ಪಾಠ ಮಾಡುತ್ತಿದ್ದವರು ಎಂಬುದನ್ನು ಇಲ್ಲಿ ನೆನೆಯಬಹುದು. ಪ್ರಾದೇಶಿಕ ನುಡಿಯನ್ನು ನಗೆಗೆ ಬಳಸುವುದರಲ್ಲಿ ಒಂದು ಅನ್ಯಾಯವೂ ಇದೆ. ತೆಲಂಗಾಣದ ಮಾತು ಬಹುಕಾಲ ರೌಡಿಗೂ ವಿದೂಷಕನಿಗೂ ಮೀಸಲಾಗಿತ್ತು. ಉತ್ತರ ಕರ್ನಾಟಕದ, ಮಂಗಳೂರಿನ ಕನ್ನಡಕ್ಕೆ ನಮ್ಮ ಚಿತ್ರಗಳು ಮಾಡಿದ್ದು ನೋಡಿದವರಿಗೆ ವಿವರಿಸಬೇಕಿಲ್ಲ.

ಇನ್ನು ಲೆಕ್ಕಾಚಾರ. ನಾಯಕ ವರ್ಷಕ್ಕೆ ಒಂದೋ ಎರಡೋ ಚಿತ್ರ ಮಾಡಿದರೆ ಪೋಷಕ ಹಾಸ್ಯನಟ ಒಟ್ಟಿಗೆ ಹತ್ತಾರು ಚಿತ್ರಗಳಲ್ಲಿರುತ್ತಾನೆ. ಅವನ ಕಾಲ್‌ಶೀಟು ದಿನಗಳ ಲೆಕ್ಕದ್ದು. ಹಾಸ್ಯದ ಟ್ರ್ಯಾಕ್ ಕಥೆಗೆ ಅಂಟದೆ ಬೇರೆಯಾಗಿದ್ದರೆ ನಾಲ್ಕಾರು ದಿನಗಳಲ್ಲಿ ಮುಗಿಯುತ್ತದೆ. ಚಿತ್ರ ಉದ್ದವಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಾಯಕನ ಜೊತೆಗಿನ ಕಾಂಬಿನೇಷನ್ ದೃಶ್ಯಗಳಾದರೆ ಇಬ್ಬರ ದಿನಾಂಕವೂ ಕೂಡಿಬರಬೇಕು, ತಡವಾಗುತ್ತದೆ, ಆದರೆ ಕತ್ತರಿಸಲಾಗದು. ಸಾವಿರದಾಚೆಯ ಚಿತ್ರಸಂಖ್ಯೆ, ಗಿನ್ನೆಸ್ ದಾಖಲೆ, ಎಲ್ಲ ಬಂದದ್ದು ಈ ದಿನಗೂಲಿಯ ಓಡಾಟದಿಂದ. ನಾಯಕನಾಗಿಸುವ ಪ್ರಯತ್ನಗಳು ಕೈಹಿಡಿಯಲಿಲ್ಲ: 1992ರಲ್ಲಿ ಜಂಧ್ಯಾಲರ 'ಬಾಬಾಯ್ ಹೋಟೆಲ್', 2013ರಲ್ಲಿ ವೆನ್ನೆಲ ಕಿಶೋರ್ ನಿರ್ದೇಶಿಸಿದ 'ಜಫ್ಫಾ'. ಎಸೆಯುವವನೂ ಹಿಡಿಯುವವನೂ ಒಬ್ಬನೇ ಆದರೆ ಆಟ ಎಲ್ಲಿ?

ಟ್ರ್ಯಾಕನ್ನು ಕಥೆಯ ಒಳಗೇ ಎಳೆದು ತಂದವರು ನಿರ್ದೇಶಕ ಶ್ರೀನು ವೈಟ್ಲ, ಲೇಖಕರಾದ ಕೋನ ವೆಂಕಟ್ ಮತ್ತು ಗೋಪಿಮೋಹನ್. 'ಢೀ' (2007), 'ರೆಡಿ' (2008), 'ದೂಕುಡು' (2011), 'ಬಾದ್‌ಷಾ' (2013). ಸೂತ್ರ ಹೀಗೆ: ನಾಯಕ ವೇಷ ಮರೆಸಿ ಶತ್ರುವಿನ ಮನೆ ಹೊಗಬೇಕು, ಹೊಗಲು ಒಬ್ಬ ಜಂಭದ, ಆಸೆಬುರುಕ ಮಧ್ಯವರ್ತಿ ಬೇಕು. 'ರೆಡಿ'ಯಲ್ಲಿ ಬ್ರಹ್ಮಾನಂದಂ ಮಾಡಿದ ಮೆಕ್‌ಡೊವೆಲ್ ಮೂರ್ತಿ ಹಗೆಯ ಎರಡು ಕುಟುಂಬಗಳಿಗೂ ಲೆಕ್ಕ ನೋಡುವ ಆಡಿಟರ್. ನಾಯಕ ಅವನ ಸಹಾಯಕನಾಗಿ ಸೇರುತ್ತಾನೆ. (ಇದೇ ಕಥೆ 2009ರಲ್ಲಿ ಪುನೀತ್ ಅವರ 'ರಾಮ್' ಆಗಿ ಕನ್ನಡಕ್ಕೆ ಬಂತು, 'ದೂಕುಡು' 2014ರಲ್ಲಿ 'ಪವರ್' ಆಯಿತು.) 'ದೂಕುಡು'ವಿನಲ್ಲಿ ಅವರು ಮಾಡಿದ ಪದ್ಮಶ್ರೀ ಎಂಬ ಹೆಸರಿನವನು ತಾನೊಂದು ರಿಯಾಲಿಟಿ ಶೋನಲ್ಲಿದ್ದೇನೆ ಎಂದು ನಂಬುತ್ತಾನೆ, ಎಂ.ಎಸ್. ನಾರಾಯಣರ ಬೊಕ್ಕ ವೆಂಕಟರಾವು ತನ್ನನ್ನು ಹಾಕಿಕೊಂಡು ಸಿನಿಮಾ ತೆಗೆಯುತ್ತಿದ್ದಾರೆ ಎಂದು ನಂಬುತ್ತಾನೆ. ಎರಡು ಸುಳ್ಳುಗಳು ಒಂದೇ ಸೂರಿನಡಿ ಒಂದನ್ನೊಂದು ಮುಟ್ಟದಂತೆ ಓಡಾಡುವುದೇ ಆ ಚಿತ್ರದ ಚೆಂದ. ಖಳನಿಗೆ ಬೀಳಬೇಕಾದ ಏಟು ಕ್ಲೈಮ್ಯಾಕ್ಸ್‌ವರೆಗೆ ಬೀಳುವಂತಿಲ್ಲ. ಅಲ್ಲಿಯವರೆಗೆ ಆ ಏಟೆಲ್ಲ ಇವರಿಗೆ. ದ್ವಿತೀಯಾರ್ಧ ಪೂರ್ತಿ ಅವರ ಹೆಗಲ ಮೇಲೆ.

ಕೆಟ್ಟದ್ದೂ ಅಲ್ಲೇ. ಉಳಿದ ನಿರ್ದೇಶಕರು ಇದನ್ನೇ ನಕಲು ಮಾಡಿದರು. ಬ್ರಹ್ಮಾನಂದಂ ನಿಧಾನಗತಿಯಲ್ಲಿ, ಹೊಸ ವಿಗ್ಗಿನಲ್ಲಿ ಪ್ರವೇಶಿಸಿದ ಕ್ಷಣವೇ ಇವರನ್ನು ಬಕರಾ ಮಾಡುತ್ತಾರೆಂದು ಸಭೆಗೆ ಗೊತ್ತಾಗತೊಡಗಿತು. ಮುಂಚೆಯೇ ಗೊತ್ತಾದ ಮೇಲೆ ಮೋಸಹೋಗುವುದರಲ್ಲಿ ಸ್ವಾರಸ್ಯವಿಲ್ಲ. ಅದನ್ನು ಮುಚ್ಚಲು ಪ್ರಾಸದ ಡೈಲಾಗು, ಬೇರೆ ಚಿತ್ರಗಳ ಅಣಕ ತುಂಬಿದರು. ಮೌನದ ಸಂದು ಮುಚ್ಚಿಹೋಯಿತು. 2014ರ 'ಆಗಡು'ವಿನ ಡೆಲ್ಲಿ ಸೂರಿ, 2015ರ 'ಬ್ರೂಸ್ ಲೀ', ಎರಡೂ ಸೋತವು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 2016ರ 'ಪೆಳ್ಳಿ ಚೂಪುಲು'ವಿನಲ್ಲಿ ಪ್ರಿಯದರ್ಶಿ ಮಾಡಿದ ಗೆಳೆಯನ ಪಾತ್ರಕ್ಕೆ ವಿಗ್ಗೂ ಬೇಕಿರಲಿಲ್ಲ, ಕಪಾಳಮೋಕ್ಷವೂ ಬೇಕಿರಲಿಲ್ಲ. ದೋಷ ನಟನದಲ್ಲ, ಹತ್ತು ನಿಮಿಷದ ವಸ್ತುವನ್ನು ಮುಕ್ಕಾಲು ಗಂಟೆಗೆ ಹಿಗ್ಗಿಸಿದವರದು ಎಂಬುದು ನಮ್ಮ ಅಭಿಪ್ರಾಯ. 'ಜಾತಿರತ್ನಾಲು' (2021) ಚಿತ್ರದ ನ್ಯಾಯಾಧೀಶನಾಗಿ ಕೊನೆಯಲ್ಲಿ ಮಾತ್ರ ಬಂದು ಕೂತಾಗ ಹಳೆಯ ಬ್ರಹ್ಮಾನಂದಂ ಮತ್ತೆ ಕಂಡರಲ್ಲ!

2023ರ 'ರಂಗಮಾರ್ತಾಂಡ' ನೋಡದವರು ನೋಡಬೇಕು. ಕೃಷ್ಣವಂಶಿ ನಿರ್ದೇಶನ, ಮರಾಠಿ 'ನಟಸಾಮ್ರಾಟ್' ಚಿತ್ರದ ತೆಲುಗು ರೂಪ. ಮುಖ್ಯಪಾತ್ರದಲ್ಲಿ ನಮ್ಮ ಪ್ರಕಾಶ್ ರೈ, ಗೆಳೆಯ ಚಕ್ರಪಾಣಿಯಾಗಿ ಬ್ರಹ್ಮಾನಂದಂ. ಆಸ್ಪತ್ರೆಯ ದೃಶ್ಯದಲ್ಲಿ ಅದೇ ಮೂರು ಹಂತಗಳೇ ಇವೆ, ನಗೆ ಇಲ್ಲ ಅಷ್ಟೆ. ಕನ್ನಡದಲ್ಲೇ ಅವರನ್ನು ನೋಡಬೇಕೆಂದರೆ ಪುನೀತ್ ಜೊತೆಗಿನ 'ನಿನ್ನಿಂದಲೇ' (2014) ಇದೆ. ಅಮೆರಿಕದಲ್ಲಿ ನಡೆಯುವ ಕಥೆ, ಅವರ ಕೆಲಸಕ್ಕಿಂತ ಕುತೂಹಲಕ್ಕೆ ನೋಡಬಹುದು.

ಸಂಘದ ಚಿತ್ರಸಂಜೆಗೆ ಒಂದನ್ನೇ ಆರಿಸಬೇಕೆಂದರೆ ನಮ್ಮ ಮತ 'ದೂಕುಡು'ವಿಗಿಂತ 'ಅದುರ್ಸ್'ಗೆ. ಮನೆಯ ಸ್ಟ್ರೀಮಿಂಗ್ ಚಂದಾ ಸಭಾಂಗಣದ ಪ್ರದರ್ಶನಕ್ಕೆ ನಡೆಯುವುದಿಲ್ಲ, ಹಕ್ಕುದಾರರಿಂದ ಅನುಮತಿ ಬೇಕು. ಸಬ್‌ಟೈಟಲ್ ಬಗ್ಗೆಯೂ ಎಚ್ಚರ: ಇಡೀ ಸಾಲು ಮೊದಲೇ ಪರದೆಗೆ ಬಂದುಬಿಡುವುದರಿಂದ ಓದುವವರು ಮೊದಲೇ ನಗುತ್ತಾರೆ, ಆ ಗದ್ದಲದಲ್ಲಿ ಮುಖ ನೋಡುವುದು ತಪ್ಪುತ್ತದೆ. ಕಂಪ್ಯೂಟರಿನ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಹಾಕುವುದಾದರೆ 'ಎಚ್' ಕೀ ಒಂದು ಸಲ ಒತ್ತಿದರೆ ಸಬ್‌ಟೈಟಲ್ 50 ಮಿಲಿಸೆಕೆಂಡು ಹಿಂದೆ ಬೀಳುತ್ತದೆ, 'ಜಿ' ಒತ್ತಿದರೆ ಮುಂದೆ ಬರುತ್ತದೆ. ಹತ್ತು ಸಲ 'ಎಚ್' ಒತ್ತಿ ಅರ್ಧ ಸೆಕೆಂಡು ತಡಮಾಡಿ. ಅದಕ್ಕಿಂತ ಹೆಚ್ಚು ಮಾಡಿದರೆ ಭಟ್ಟುವಿನ ಮಾತು ಚಾರಿಯ ಬಾಯಿಗೆ ಬೀಳುತ್ತದೆ.