ರೊಟ್ಟಿಗೆ ಒಂದು ರೂಪಾಯಿ ಏಕೆ ಜಾಸ್ತಿ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇನೆ. ಬರುವ ಒಂದನೇ ತಾರೀಖಿನಿಂದ ನಮ್ಮ ಖಡಕ್ ರೊಟ್ಟಿ ಒಂದಕ್ಕೆ 9 ರೂಪಾಯಿ ಆಗುತ್ತದೆ. ಇಲ್ಲಿವರೆಗೆ 8 ಇತ್ತು. ಬಿಸಿರೊಟ್ಟಿಗೂ ಒಂದು ರೂಪಾಯಿ ಜಾಸ್ತಿ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಹಳೇ ದರಕ್ಕೇ ಸಿಗುತ್ತವೆ.

ಜೋಳ ತುಟ್ಟಿಯಾಯಿತು, ಗ್ಯಾಸ್ ತುಟ್ಟಿಯಾಯಿತು ಎಂದು ಈ ರೂಪಾಯಿ ಹಾಕಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಬಸುರಿಯಾದಾಗ, ಬಾಣಂತಿಯಾದಾಗ ಪಗಾರ ಕೊಟ್ಟು ಸೂಟಿ ಕೊಡಬೇಕು ಎಂದು ನಮ್ಮ ಸಹಕಾರ ಸಂಘ ತೀರ್ಮಾನ ಮಾಡಿದೆ. ಆ ರೂಪಾಯಿ ಪೂರ್ತಿ ಅದಕ್ಕೇ ಹೋಗುತ್ತದೆ. ನಿಮ್ಮ ರೊಕ್ಕ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ನಿಮಗೆ ಗೊತ್ತಿರಬೇಕು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ರೊಟ್ಟಿ ತಿನ್ನುವ ಎಲ್ಲರೂ ರೊಟ್ಟಿ ಮಾಡುವುದನ್ನು ದಿನಾ ನೋಡಿರುವುದಿಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಇನ್ನೂ ಸುಡುತ್ತಿರುವ ಹಿಟ್ಟನ್ನೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಸರಿಯಾಗಿ ನಾದದಿದ್ದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಆಮೇಲೆ ಮಣೆ ಮೇಲೆ ಕುಳಿತು, ಮುಂದಕ್ಕೆ ಬಾಗಿ, ಕೈ ತುಂಬ ಬಡಿಯಬೇಕು. ಹೆಂಚಿಗೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿದರೆ ಬುಸ್ ಎಂದು ಆವಿ ಮುಖಕ್ಕೇ ಬರುತ್ತದೆ. ಖಡಕ್ ರೊಟ್ಟಿ ಒಣಗುವ ತನಕ ಒಲೆ ಬಿಟ್ಟು ಏಳುವಂತಿಲ್ಲ. ಆರು ತಿಂಗಳು ತುಂಬಿದ ಬಸುರಿ ಹೀಗೆ ಕುಳಿತು ಬಾಗಿದರೆ ಹೊಟ್ಟೆ ತೊಡೆಗೆ ಒತ್ತುತ್ತದೆ, ಉಸಿರು ಸಾಲುವುದಿಲ್ಲ. ಕಾಲು ಜೋಮು ಹಿಡಿದು, ಏಳುವಾಗ ಯಾರಾದರೂ ಕೈ ಕೊಡಬೇಕಾಗುತ್ತದೆ. ಜೊತೆಗೆ ನಮ್ಮಲ್ಲಿ ಕೂಲಿ ಎಣಿಕೆಯ ಮೇಲೆ. ಎಷ್ಟು ರೊಟ್ಟಿಯೋ ಅಷ್ಟು ರೊಕ್ಕ. ಕೈ ನಿಧಾನವಾದರೆ ಅವತ್ತಿನ ಕೂಲಿ ಅಷ್ಟು ಇಳಿಯಿತು.

ಈ ವಿಷಯ ಸಭೆಗೆ ಬಂದಾಗ ಎಲ್ಲರೂ ಒಂದೇ ಸಲಕ್ಕೆ ಹೂಂ ಅನ್ನಲಿಲ್ಲ. ನಮ್ಮ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, "ನಾವೆಲ್ಲ ನೋವು ಬರೋ ತನಕ ರೊಟ್ಟಿ ಬಡದೀವಿ. ಬಸಿರು ಅಂದ್ರ ಏನ್ ಬ್ಯಾನಿ ಏನು?" ಎಂದು ಕೇಳಿದರು. ಅವರ ಪಕ್ಕದಲ್ಲೇ ಕುಳಿತಿದ್ದ ಹುಡುಗಿ, "ಬ್ಯಾನಿ ಅಲ್ಲ ಖರೆ ಯವ್ವಾ. ಆದ್ರ ಒಲಿ ಮುಂದ ಕುಂದ್ರಾಕ ಆಗೂದಿಲ್ಲಲ್ಲ" ಅಂದಳು. ಆವತ್ತಿನ ಚರ್ಚೆಯೆಲ್ಲ ಈ ಎರಡು ಮಾತಿನ ಮಧ್ಯೆಯೇ ನಡೆಯಿತು.

ನಮ್ಮ ಸಂಘದಲ್ಲಿ ಮೊದಲಿಂದಲೂ ಒಂದು ಆರೋಗ್ಯ ನಿಧಿ ಇದೆ. ಕೈ ಸುಟ್ಟರೆ, ಟೈಫಾಯ್ಡ್ ಬಂದು ಮಲಗಿದರೆ, ಸೊಂಟ ಹಿಡಿದರೆ ಅದರಿಂದ ಅರ್ಧ ಪಗಾರ ಕೊಡುತ್ತೇವೆ. ಬಸಿರನ್ನೂ ಇದೇ ನಿಧಿಗೆ ಸೇರಿಸಿಬಿಡೋಣ, ಬೇರೆ ಲೆಕ್ಕ ಯಾಕೆ ಎಂದು ಕೆಲವರು ಅಂದರು. ಬಸಿರು ಕಾಯಿಲೆಯೇ ಅಲ್ಲ, ಹಾಗಾಗಿ ನಿಧಿಯಿಂದ ಏನೂ ಕೊಡಬಾರದು ಎಂದು ಇನ್ನು ಕೆಲವರು. ನನಗೆ ಎರಡೂ ಸರಿ ಅನ್ನಿಸಲಿಲ್ಲ.

ನಮ್ಮ ಸದಸ್ಯೆಯೊಬ್ಬರ ಮಗಳು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಾಳೆ. ಅವಳು ಸಭೆಗೆ ಬಂದು ಅಮೆರಿಕದ ಒಂದು ಕೇಸ್ ಹೇಳಿದಳು. ಜನರಲ್ ಎಲೆಕ್ಟ್ರಿಕ್ ಎಂಬ ದೊಡ್ಡ ಕಂಪನಿ. ಕಾಯಿಲೆಯಿಂದಲೋ ಪೆಟ್ಟಾಗಿಯೋ ಕೆಲಸ ಮಾಡಲು ಆಗದವರಿಗೆ ವಾರದ ಪಗಾರದಲ್ಲಿ ಶೇಕಡಾ 60 ಕೊಡುವ ಪದ್ಧತಿ ಅಲ್ಲಿತ್ತು. ಆಟ ಆಡುವಾಗ ಬಿದ್ದು ಕಾಲು ಮುರಿದುಕೊಂಡರೂ ಸಿಗುತ್ತಿತ್ತು. ಬಸಿರಿಗೆ ಮಾತ್ರ ಇಲ್ಲ. ಹೆಂಗಸರು ಕೋರ್ಟಿಗೆ ಹೋದರು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಹೆಣ್ಣು ಗಂಡು ಭೇದವಲ್ಲ ಎಂದು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಜನರಿಗೆ ಸಿಟ್ಟು ಬಂತು. ಎರಡೇ ವರ್ಷದಲ್ಲಿ, 1978ರಲ್ಲಿ, ಅಲ್ಲಿನ ಸಂಸತ್ತು ಹೊಸ ಕಾಯ್ದೆ ತಂದಿತು. ಕೆಲಸ ಮಾಡಲಾಗದ ಬೇರೆಯವರಿಗೆ ಏನು ಕೊಡುತ್ತೀರೋ ಅದನ್ನು ಬಸುರಿಗೂ ಕೊಡಿ ಎಂದಿತು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಬೇರೆಯವರಿಗೆ ಏನೂ ಕೊಡದ ಮಾಲೀಕ ಬಸುರಿಗೂ ಏನೂ ಕೊಡಬೇಕಾಗಿಲ್ಲ ಎಂದೂ ಅದರಿಂದ ಆಗುತ್ತದೆ. 1993ರಲ್ಲಿ ಅಲ್ಲಿ ಸೂಟಿಯ ಕಾಯ್ದೆ ಬಂದಾಗಲೂ ಸಿಕ್ಕಿದ್ದು 12 ವಾರ, ಅದೂ ಪಗಾರ ಇಲ್ಲದೆ. ಬಸಿರನ್ನು ಕಾಯಿಲೆಯ ಖಾತೆಗೆ ಸೇರಿಸಿ ಸುಮ್ಮನಾದರೆ ಹೀಗಾಗುತ್ತದೆ. ಆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ ಗತಿ.

ನಮ್ಮ ದೇಶದ ದಾರಿ ಬೇರೆ. ಇಎಸ್‌ಐನಲ್ಲಿ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯಲ್ಲಿ ನೋಡಿ. ಕಾಯಿಲೆ ಬಿದ್ದರೆ ಕೂಲಿಯ ಶೇಕಡಾ 70, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂರಬೇಕಾದರೆ 90, ಹೆರಿಗೆಗೆ ಪೂರ್ತಿ 100. ಮೂರಕ್ಕೂ ಬೇರೆ ಬೇರೆ ಲೆಕ್ಕ. ಹೆರಿಗೆಯ ಸೂಟಿ ತಗೊಂಡರೆ ಕಾಯಿಲೆಯ ದಿನಗಳು ಕರಗುವುದಿಲ್ಲ. ಇದು ಬಹಳ ಮುಖ್ಯ. ಬಾಣಂತನ ಮುಗಿಸಿ ಬಂದ ತಾಯಿಗೆ ಮುಂದಿನ ತಿಂಗಳು ಜ್ವರ ಬಂದರೆ ಏನು ಮಾಡಬೇಕು? ಸೂಟಿಯೆಲ್ಲ ಹೆರಿಗೆಗೇ ಮುಗಿದಿದ್ದರೆ ಜ್ವರದಲ್ಲೇ ಒಲೆ ಮುಂದೆ ಕೂರಬೇಕು.

ಹಾಗಾಗಿ ನಾವು ಬಸಿರು, ಬಾಣಂತನಕ್ಕೆ ಪ್ರತ್ಯೇಕ ಖಾತೆ ಮಾಡಿದ್ದೇವೆ. ಅದರಿಂದ ಪೂರ್ತಿ ಪಗಾರ, 26 ವಾರ. ಆರೋಗ್ಯ ನಿಧಿ ಹಾಗೇ ಇರುತ್ತದೆ, ಅದನ್ನು ಮುಟ್ಟುವುದಿಲ್ಲ.

26 ವಾರ ನಾವು ಕಂಡುಹಿಡಿದ ಲೆಕ್ಕವಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರ ಇತ್ತು, 2017ರ ತಿದ್ದುಪಡಿಯಲ್ಲಿ 26 ಆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ದಿನಗೂಲಿ ಹೆಂಗಸರಿಗೂ ಈ ಹಕ್ಕು ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ, ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ (ಹಾಜರಿ ಪಟ್ಟಿಯ ದಿನಗೂಲಿ) ಕೆಲಸಗಾರ್ತಿಯರ ಕೇಸಿನಲ್ಲಿ. ಆದರೆ ಅಂಗಡಿ, ಸಣ್ಣ ಸಂಸ್ಥೆಗಳಿಗೆ ಬಂದರೆ 10 ಜನರಾದರೂ ಕೆಲಸಕ್ಕೆ ಇರಬೇಕು. ಎರಡು ಒಲೆ, ನಾಲ್ಕು ಹೆಂಗಸರು ಇರುವ ರೊಟ್ಟಿ ಕೇಂದ್ರಗಳು ನಮ್ಮ ಗದಗ, ಹುಬ್ಬಳ್ಳಿ ಓಣಿಗಳಲ್ಲಿ ಎಷ್ಟಿಲ್ಲ? ಅವೆಲ್ಲ ಹೊರಗೇ ಉಳಿಯುತ್ತವೆ. ನಮ್ಮ ಸಂಘದಲ್ಲೂ ಕೆಲವರು ಅಡುಗೆಮನೆಯಲ್ಲಿ ಕೂರುತ್ತಾರೆ, ಕೆಲವರು ತಮ್ಮ ಮನೆಯಲ್ಲೇ ರೊಟ್ಟಿ ಮಾಡಿ ತಂದುಕೊಡುತ್ತಾರೆ. ಕಾಯ್ದೆ ಯಾರನ್ನು ಮುಟ್ಟುತ್ತದೆ, ಯಾರನ್ನು ಬಿಡುತ್ತದೆ ಎಂದು ಗೆರೆ ಎಳೆಯುತ್ತ ಕೂರುವುದು ಬೇಡ, ಎಲ್ಲರಿಗೂ ಕೊಡೋಣ ಎಂದು ಸಭೆ ಒಪ್ಪಿತು.

ಒಂದು ಕಡೆ ಮಾತ್ರ ನಾವು ಕಾಯ್ದೆಯ ಲೆಕ್ಕ ಬಿಟ್ಟಿದ್ದೇವೆ. ಸೂಟಿಯ ಪಗಾರ ಎಷ್ಟು ಎಂದು ತೆಗೆಯುವಾಗ ಕಾಯ್ದೆ ಹಿಂದಿನ ಮೂರು ತಿಂಗಳ ಸರಾಸರಿ ಕೂಲಿ ನೋಡುತ್ತದೆ. ತಿಂಗಳ ಪಗಾರದವರಿಗೆ ಇದರಿಂದ ತೊಂದರೆ ಇಲ್ಲ. ಎಣಿಕೆ ಮೇಲೆ ದುಡಿಯುವವಳಿಗೆ ಆ ಮೂರು ತಿಂಗಳಲ್ಲೇ ಕೈ ನಿಧಾನವಾಗಿರುತ್ತದೆ. ದಿನಕ್ಕೆ ಬಡಿಯುವ ರೊಟ್ಟಿ ಕಡಿಮೆ, ಹಾಗಾಗಿ ಸರಾಸರಿ ಕಡಿಮೆ, ಕೊನೆಗೆ ಸೂಟಿಯ ಪಗಾರವೂ ಕಡಿಮೆ. ಬಸುರಿಯಾದದ್ದಕ್ಕೇ ದಂಡ ಹಾಕಿದಂತೆ. ಆದ್ದರಿಂದ ನಾವು ಬಸುರಿಯಾಗುವ ಮುಂಚಿನ ಒಂದು ವರ್ಷದ ಸರಾಸರಿ ತಗೊಳ್ಳುತ್ತೇವೆ.

ಐದು ತಿಂಗಳು ತುಂಬಿದ ಮೇಲೆ ಯಾರೂ ಒಲೆ ಮುಂದೆ ಕೂರುವುದಿಲ್ಲ. ಪ್ಯಾಕಿಂಗ್, ಲೆಕ್ಕ, ಫೋನ್, ಚಟ್ನಿಗೆ ಶೇಂಗಾ ಆರಿಸುವುದು ಇಂಥ ಕೆಲಸ ಕೊಡುತ್ತೇವೆ, ಕೂಲಿ ಇಳಿಸದೆ. ಬಿ.ಪಿ. ಏರಿದೆ, ರಕ್ತ ಹೋಗುತ್ತಿದೆ, ಮಲಗಿಯೇ ಇರಬೇಕು ಎಂದು ಡಾಕ್ಟರ್ ಬರೆದುಕೊಟ್ಟರೆ ಅದು ಬಸಿರೂ ಹೌದು, ಕಾಯಿಲೆಯೂ ಹೌದು. ಅದಕ್ಕೆ 26 ವಾರದ ಮೇಲೆ ಇನ್ನೊಂದು ತಿಂಗಳು ಪಗಾರದ ಸೂಟಿ, ಕಾಯ್ದೆಯಲ್ಲಿ ಇರುವಂತೆಯೇ.

ಬಸಿರು ನಿಲ್ಲದೆ ಹೋದರೆ ಆರು ವಾರ. ಇದನ್ನು ಹೇಳುವಾಗ ಸಭೆಯಲ್ಲಿ ಬಹಳ ಜನ ತಲೆ ತಗ್ಗಿಸಿದ್ದರು. ನಮ್ಮ ಕಡೆ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಮಲಗಲು ಕಾರಣ ಹೇಳಲಾಗದೆ ಮಾರನೇ ದಿನವೇ ಕೆಲಸಕ್ಕೆ ಬಂದವರು ನಮ್ಮೊಳಗೇ ಇದ್ದಾರೆ. ಇನ್ನು ಮುಂದೆ ಡಾಕ್ಟರ್ ಚೀಟಿಯನ್ನು ಕಾರ್ಯದರ್ಶಿ ಒಬ್ಬರಿಗೇ ಕೊಟ್ಟರೆ ಸಾಕು. ಪುಸ್ತಕದಲ್ಲಿ ಸೂಟಿ ಎಂದಷ್ಟೇ ಬರೆಯುತ್ತೇವೆ.

ಹೆರಿಗೆಯಾದ ಮೇಲೆ ಆರು ವಾರದ ತನಕ, ತಾನೇ ಬರುತ್ತೇನೆ ಅಂದರೂ, ಯಾರನ್ನೂ ಕೆಲಸಕ್ಕೆ ಹಚ್ಚುವುದಿಲ್ಲ. ನಮ್ಮಲ್ಲಿಗೆ ಬರುವ ಮುಂಚೆ ಬೇರೆ ಕಡೆ ರೊಟ್ಟಿ ಬಡಿಯುತ್ತಿದ್ದ ಸದಸ್ಯೆಯೊಬ್ಬರು ಮೊದಲ ಹೆರಿಗೆಯ ತಿಂಗಳೊಳಗೇ ಒಲೆ ಮುಂದೆ ಕುಳಿತವರು. ಕೂಸು ಮನೆಯಲ್ಲಿ ಅಜ್ಜಿ ಹತ್ತಿರ. ಹೊತ್ತಿಗೆ ಸರಿಯಾಗಿ ಹಾಲು ಇಳಿದು ಕುಪ್ಪಸ ತೋಯುತ್ತಿತ್ತಂತೆ, ಮೇಲೆ ಟವೆಲ್ ಹೊದ್ದು ರೊಟ್ಟಿ ಬಡಿಯುತ್ತಿದ್ದರಂತೆ. "ರೊಟ್ಟಿ ಎಣಸ್ಲೋ, ಕೂಸಿನ ಹೊತ್ತು ಎಣಸ್ಲೋ" ಎಂದು ಅವರು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಈಗ ಅಡುಗೆಮನೆಯ ಹಿಂದಿನ ಕೋಣೆ ಖಾಲಿ ಮಾಡಿ ತೊಟ್ಟಿಲು ಕಟ್ಟಿದ್ದೇವೆ. ಕೂಸಿಗೆ 15 ತಿಂಗಳಾಗುವ ತನಕ ಹಾಲು ಕುಡಿಸಲು ತಾಯಿ ದಿನಕ್ಕೆ ಎರಡು ಸಲ ಎದ್ದು ಹೋಗಬಹುದು.

ಕಾಯ್ದೆಯಲ್ಲಿ ಎರಡು ಮಕ್ಕಳಿರುವವರಿಗೆ ಮುಂದಿನ ಹೆರಿಗೆಗೆ 12 ವಾರ ಮಾತ್ರ. ಸದ್ಯಕ್ಕೆ ನಾವೂ ಅಷ್ಟೇ ಇಟ್ಟಿದ್ದೇವೆ, ರೊಕ್ಕ ಅಷ್ಟಕ್ಕೇ ಸಾಲುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಮೂರನೇ ಹೆರಿಗೆಯಾದ ಮೈಗೆ ವಿಶ್ರಾಂತಿ ಕಡಿಮೆ ಸಾಕಾಗುತ್ತದೆಯೇ? ಮುಂದಿನ ವಾರ್ಷಿಕ ಸಭೆಯಲ್ಲಿ ಮತ್ತೆ ಎತ್ತುತ್ತೇನೆ.

ಇನ್ನು ಇದರ ಖರ್ಚಿನ ಮಾತು. ದರ ಏರುವ ಸುದ್ದಿ ಮೊದಲೇ ತಿಳಿದ ಒಬ್ಬ ಮೆಸ್ ಮಾಲೀಕರು, "ಮಕ್ಕಳಾಗೋದು ಅವರವರ ಮನೆ ವಿಷಯ, ನಮ್ಮ ತಾಟಿನ ಮೇಲೆ ಯಾಕೆ ಹಾಕ್ತೀರಿ?" ಎಂದು ನೇರವಾಗಿ ಕೇಳಿದರು. ವಯಸ್ಸಾದವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು. ಅವರು ಹಳೇ ಗ್ರಾಹಕರು, ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದರು, ಅದಕ್ಕೆ ಬೇಜಾರಿಲ್ಲ. ಆದರೆ ಆ ಸಲಹೆ ನಮಗೆ ಬೇಡ. ದುಡಿಮೆ ಹೆಚ್ಚು ಬೇಕಾದ ವಯಸ್ಸಿನಲ್ಲೇ ಹೆಣ್ಣುಮಗಳಿಗೆ ಬಾಗಿಲು ಹಾಕಿದರೆ ಈ ಸಂಘ ಇದ್ದೂ ಏನು ಉಪಯೋಗ?

ಈ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆ ಈ ಭಾಗದಲ್ಲಿ ಬಹಳ ಹಿಂದೆಯೇ ಬಂದಿತ್ತು. ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ 1928ರಲ್ಲಿ ಮುಂಬೈ ಶಾಸನ ಸಭೆಗೆ ಬಂತು. ಡಾ. ಬಿ.ಆರ್. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶಕ್ಕೇ ಒಳ್ಳೆಯದು, ಹಾಗಾಗಿ ಖರ್ಚಿನ ದೊಡ್ಡ ಪಾಲು ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಮಾಡಿಕೊಳ್ಳುವ ಮಾಲೀಕನೂ ಕೊಡಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯ್ದೆ ಆಯಿತು. ಸರ್ಕಾರದಿಂದ ಈಗ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ, ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ ಸಿಗುತ್ತದೆ. ಅವು ಬೇಕು. ಆದರೆ ಆರು ತಿಂಗಳ ಪಗಾರದ ಜಾಗವನ್ನು ತುಂಬುವುದಿಲ್ಲ.

ನಮ್ಮ ಸಂಘಕ್ಕೆ ಬೇರೆ ಮಾಲೀಕ ಇಲ್ಲ. ನಾವೇ ಮಾಲೀಕರು, ನಾವೇ ಕೆಲಸದವರು. 1905ರಲ್ಲಿ ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಒಬ್ಬರ ಕಷ್ಟವನ್ನು ಹತ್ತು ಜನ ಹಂಚಿಕೊಳ್ಳುವ ರೂಢಿ ನಮಗೆ ಹೊಸದಲ್ಲ. ಪ್ರತಿ ಸದಸ್ಯೆಯೂ ಕೂಲಿಯಿಂದ ಸ್ವಲ್ಪ ಈ ಖಾತೆಗೆ ಹಾಕುತ್ತಾರೆ, ಮಕ್ಕಳು ದೊಡ್ಡವರಾದವರೂ, ಮಕ್ಕಳಿಲ್ಲದವರೂ. ಲಾಭದಲ್ಲೂ ಒಂದು ಪಾಲು ತೆಗೆದಿಡುತ್ತೇವೆ. ಉಳಿದದ್ದಕ್ಕೆ ನಿಮ್ಮ ರೂಪಾಯಿ. ಖಾತೆಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಅಂಗಡಿಯ ಬೋರ್ಡಿನ ಮೇಲೆ ಹಾಕುತ್ತೇವೆ. ಯಾರು ಬೇಕಾದರೂ ನೋಡಬಹುದು.

ದರ ಬಿಟ್ಟು ನಿಮಗೆ ಆಗುವ ಬದಲಾವಣೆ ಇಷ್ಟು. ಬಿಸಿರೊಟ್ಟಿ ಬೇಕಾದವರು ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು. ಎಳ್ಳಮಾವಾಸ್ಯೆ, ನಾಗರ ಪಂಚಮಿಯಂಥ ಹಬ್ಬಕ್ಕೆ ಹಾಗೂ ಮದುವೆ, ಕುಬಸದ (ಸೀಮಂತದ) ಕಾರ್ಯಕ್ಕೆ ದೊಡ್ಡ ಆರ್ಡರ್ ಇದ್ದರೆ ಒಂದು ವಾರ ಮುಂಚೆ ತಿಳಿಸಿ. ಇಂಥವರ ಕೈಯ ರೊಟ್ಟಿಯೇ ಬೇಕು ಎಂದು ಕೇಳುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಅದು ನಮಗೆ ಹೆಮ್ಮೆ. ಆದರೆ ಅವರು ಸೂಟಿಯಲ್ಲಿದ್ದಾಗ ಬೇರೆ ಕೈಯ ರೊಟ್ಟಿ ಬರುತ್ತದೆ. ತೆಳುವಿನಲ್ಲಿ ಕೂದಲೆಳೆ ವ್ಯತ್ಯಾಸ ಇರಬಹುದು, ಹದದಲ್ಲಿ ಇರುವುದಿಲ್ಲ. ಅವರು ಯಾವಾಗ ಬರುತ್ತಾರೆ ಎಂದು ಅವರ ಮನೆಗೆ ಫೋನ್ ಮಾಡಬೇಡಿ, ನಮ್ಮನ್ನೇ ಕೇಳಿ.

ಮುಂಗಡ ಕೊಟ್ಟವರಿಗೆ ಆ ರೊಕ್ಕ ತೀರುವ ತನಕ ಹಳೇ ದರವೇ. ಹುಬ್ಬಳ್ಳಿ, ಧಾರವಾಡದ ಮೆಸ್‌ಗಳ ಜೊತೆ ತಿಂಗಳ ಲೆಕ್ಕ ಇರುವುದರಿಂದ ಅವರಿಗೆ ಹೊಸ ದರ ಒಂದು ತಿಂಗಳು ತಡವಾಗಿ ಶುರುವಾಗುತ್ತದೆ. ಹಾಸ್ಟೆಲ್ ಹುಡುಗರಿಗೆ 9 ರೂಪಾಯಿ ಭಾರ ಎಂದು ಅನ್ನಿಸಿದರೆ ಅಂಗಡಿಗೆ ಬಂದು ಹೇಳಲಿ. ಅಂಚು ಮುರಿದ ರೊಟ್ಟಿಗಳನ್ನು ಬೇರೆ ಕಟ್ಟಿ 6 ರೂಪಾಯಿಗೆ ಒಂದರಂತೆ ಕೊಡುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ
ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಹಕಾರ ಸಂಘ
ಗದಗ-ಬೆಟಗೇರಿ